ಮನೆಯಂಗಳದ ಪರಿಮಳದ ಬಳ್ಳಿಗಳು: ಆಯ್ಕೆ, ನಾಟಿ ಮತ್ತು ಸವರುವಿಕೆ

ಸಾರ್ವಜನಿಕರ ಮಾಹಿತಿಗಾಗಿ

ಸಸ್ಯಕ್ಷೇತ್ರಗಳಲ್ಲಿ ಹೂಬಳ್ಳಿಯ ಸಸಿಗಳನ್ನು ಕೊಳ್ಳುವವರಿಗೂ, ಮನೆಯಂಗಳದ ತೋಟದ ಬಗ್ಗೆ ಸಲಹೆ ಕೋರಿ ಅರ್ಜಿ ಸಲ್ಲಿಸುವವರಿಗೂ ಅನುಕೂಲವಾಗಲೆಂದು ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಇಂತಹ ಅರ್ಜಿಗಳಲ್ಲಿ ಪದೇ ಪದೇ ಕಂಡುಬರುವ ದೂರು ಒಂದೇ ಬಗೆಯದು: ಬಳ್ಳಿ ಹುಲುಸಾಗಿ ಬೆಳೆದಿದೆ, ಆದರೆ ಹೂವಿಲ್ಲ, ಹೂವಿದ್ದರೂ ಪರಿಮಳವಿಲ್ಲ. ಇದಕ್ಕೆ ಔಷಧಿ ಸೂಚಿಸಬೇಕೆಂದು ಅರ್ಜಿದಾರರು ಕೋರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಕಾರಣವು ರೋಗವಾಗಿರುವುದಿಲ್ಲ. ಬಿಸಿಲಿನ ಕೊರತೆ, ಯೂರಿಯಾದ ಅತಿ ಬಳಕೆ, ವರ್ಷಗಟ್ಟಲೆ ಸವರದೆ ಬಿಟ್ಟ ಹಳೆಯ ಕಡ್ಡಿ, ಇಲ್ಲವೇ ಸಸಿ ಕೊಳ್ಳುವಾಗಲೇ ಆದ ತಪ್ಪು ಆಯ್ಕೆ, ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ಈ ನಾಲ್ಕಕ್ಕೂ ಔಷಧಿಯಿಲ್ಲ. ಪರಿಹಾರ ಮಾತ್ರ ಇದೆ.

ಸ್ಥಳದ ಆಯ್ಕೆ

ಮಲ್ಲಿಗೆ ಜಾತಿಯ ಬಳ್ಳಿಗಳಿಗೆ ದಿನಕ್ಕೆ ಕನಿಷ್ಠ 6 ಗಂಟೆಯ ನೇರ ಬಿಸಿಲು ಅವಶ್ಯಕ. ಮನೆಯ ಪೂರ್ವ ಅಥವಾ ದಕ್ಷಿಣ ದಿಕ್ಕು ಇದಕ್ಕೆ ಯೋಗ್ಯ. ಉತ್ತರ ದಿಕ್ಕಿನ ಓಣಿಯಲ್ಲಿ, ಎರಡು ಮನೆಗಳ ನಡುವೆ ನೆಟ್ಟ ಮಲ್ಲಿಗೆಯು ಬಿಸಿಲನ್ನು ಅರಸುತ್ತಾ ಮಾಳಿಗೆಯವರೆಗೆ ಏರಿ ಅಲ್ಲಿ ಹೂ ಬಿಡುತ್ತದೆ. ಕೆಳಗೆ ನೀರೆರೆದವರಿಗೆ ಎಲೆ, ಮೇಲಿನ ಮನೆಯವರಿಗೆ ಹೂವು ಎಂಬ ಸ್ಥಿತಿ ಒದಗುತ್ತದೆ. ಇದು ನೆರೆಹೊರೆಯ ತಕರಾರಿಗೂ ಕಾರಣವಾದದ್ದುಂಟು.

ನೆರಳು ಬೀಳುವುದು ರಸ್ತೆ ಬದಿಯ ಮರದಿಂದಾದಲ್ಲಿ, ಅದರ ಕೊಂಬೆಗಳನ್ನು ಸ್ವತಃ ಕಡಿಯಬಾರದು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ರ ಮೇರೆಗೆ ಸಂಬಂಧಪಟ್ಟ ವೃಕ್ಷಾಧಿಕಾರಿಗಳಿಗೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯುವುದು ಸೂಕ್ತ ಮಾರ್ಗ. ಬಳ್ಳಿಗಾಗಿ ಮರ ಕಡಿಯುವ ಬದಲು ನೆರಳನ್ನು ಸಹಿಸುವ ಬಳ್ಳಿಯನ್ನು ಆರಿಸಿಕೊಳ್ಳುವುದು ಇನ್ನೂ ಲೇಸು.

ಪರಿಮಳವು ಗಾಳಿಯಲ್ಲಿ ಬರುವ ವಸ್ತುವಾದುದರಿಂದ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನೂ, ಮನೆಯವರು ಸಂಜೆ ಕುಳಿತುಕೊಳ್ಳುವ ಜಾಗ ಯಾವುದು ಎಂಬುದನ್ನೂ ನೆಡುವ ಮೊದಲು ಗಮನಿಸತಕ್ಕದ್ದು. ಪರಿಮಳದ ಬಳ್ಳಿಗಳಲ್ಲಿ ಹೆಚ್ಚಿನವು ಸೂರ್ಯಾಸ್ತದ ನಂತರ ಅರಳುವಂಥವು. ಹಗಲೆಲ್ಲ ಬೀಗ ಹಾಕಿರುವ ಮನೆಯವರಿಗೆ ಇದು ಅನುಕೂಲವೇ ಸರಿ. ಆದರೆ ಹಿತ್ತಲ ಮೂಲೆಯಲ್ಲಿ ನೆಟ್ಟು, ಸಂಜೆ ಮುಂಬಾಗಿಲಲ್ಲಿ ಕೂರುವವರಿಗೆ ಅದರಿಂದ ಪ್ರಯೋಜನವಿಲ್ಲ.

ಮಲ್ಲಿಗೆಯ ಬಗೆಗಳು

ನಮ್ಮ ರಾಜ್ಯದ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ ಹಾಗೂ ಉಡುಪಿ ಮಲ್ಲಿಗೆ, ಈ ಮೂರೂ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿವೆ. ಊರಿನ ಹೆಸರಿನಿಂದಲೇ ಹೂವನ್ನು ಗುರುತಿಸುವುದು ಇಲ್ಲಿ ಬರಿಯ ಅಭಿಮಾನದ ಮಾತಲ್ಲ. ಮಣ್ಣು ಮತ್ತು ಹವೆ ಬದಲಾದರೆ ಅದೇ ಗಿಡ ಅದೇ ಗುಣದ ಹೂ ಕೊಡುವುದಿಲ್ಲ. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಮುತ್ತ ಮನೆಯಂಗಳದಲ್ಲಿಯೇ ಬೆಳೆಯುವ ಮಲ್ಲಿಗೆಯು ಅನೇಕ ಕುಟುಂಬಗಳಿಗೆ ನಿತ್ಯದ ಆದಾಯ. ಮೊಗ್ಗನ್ನು ಬೆಳಗಿನ ಜಾವದಲ್ಲಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಮಾರಲಾಗುತ್ತದೆ; ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಲ್ಲಿಂದ ಕಡ್ಡಿ ತಂದು ಬಯಲುಸೀಮೆಯಲ್ಲಿ ನೆಡುವವರು ಹೂವನ್ನು ಪಡೆಯಬಹುದು. ಶಂಕರಪುರದ ಹೂವನ್ನೇ ಪಡೆಯುವೆವೆಂದು ಭಾವಿಸಬಾರದು.

ಮನೆಯಂಗಳಕ್ಕೆ ದುಂಡು ಮಲ್ಲಿಗೆ, ಜಾಜಿ ಮತ್ತು ಸೂಜಿ ಮಲ್ಲಿಗೆ ಈ ಮೂರು ಮುಖ್ಯ. ದುಂಡು ಮಲ್ಲಿಗೆ, ಅಂದರೆ ಜಾಸ್ಮಿನಮ್ ಸಂಬಾಕ್, ನಿಜಾರ್ಥದಲ್ಲಿ ಪೂರ್ಣ ಬಳ್ಳಿಯಲ್ಲ. ಆಸರೆ ಕೊಟ್ಟರೆ ಏರುತ್ತದೆ, ಕೊಡದಿದ್ದರೆ ಪೊದೆಯಾಗುತ್ತದೆ. ಕುಂಡದಲ್ಲಿ ಬೆಳೆಸುವವರಿಗೆ ಇದೇ ಸೂಕ್ತ. ಬೇಸಿಗೆಯೇ ಇದರ ಹೂವಿನ ಕಾಲ. ಜಾಜಿಯು ಜಾಸ್ಮಿನಮ್ ಗ್ರಾಂಡಿಫ್ಲೋರಮ್. ಇದರ ಮೊಗ್ಗಿನ ಹೊರಮೈಯಲ್ಲಿ ನಸುಗೆಂಪು ಛಾಯೆ ಇರುತ್ತದೆ, ಎಲೆಯು ಹಲವು ಕಿರುಎಲೆಗಳಾಗಿ ಸೀಳಿರುತ್ತದೆ. ಚಪ್ಪರಕ್ಕೆ ಏರಿಸಲು ದುಂಡು ಮಲ್ಲಿಗೆಗಿಂತ ಜಾಜಿ ಉತ್ತಮ. ಸೂಜಿ ಮಲ್ಲಿಗೆಯು ಜಾಸ್ಮಿನಮ್ ಆರಿಕ್ಯುಲೇಟಮ್. ಹೂವು ಸಣ್ಣದು, ಒಣ ಹವೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಮುಂತಾದ ಜಿಲ್ಲೆಗಳ ನಾಗರಿಕರು ಮೊದಲು ಇದನ್ನು ಪರಿಶೀಲಿಸುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ. ಕಾಕಡವು ನೋಡಲು ಮಲ್ಲಿಗೆಯಂತೆಯೇ ಇದ್ದು, ಚಳಿಗಾಲದಲ್ಲಿ ಬೇರೆ ಮಲ್ಲಿಗೆಗಳಿಲ್ಲದಾಗ ಬೆಳ್ಳಗೆ ತುಂಬಿ ಅರಳುತ್ತದೆ. ಆದರೆ ಅದಕ್ಕೆ ಪರಿಮಳ ಅತ್ಯಲ್ಪ. "ವಾಸನೆಯಿಲ್ಲದ ಮಲ್ಲಿಗೆ" ಎಂದು ಬರುವ ದೂರುಗಳಲ್ಲಿ ಕೆಲವು ಕಾಕಡದ ಕುರಿತಾದವೇ ಆಗಿರುತ್ತವೆ. ಎಳೆಯ ಕುಡಿ ಮತ್ತು ಹೂವಿನ ತೊಟ್ಟಿನ ಮೇಲೆ ಮೃದುವಾದ ರೋಮ ಇದ್ದರೆ ಅದು ಕಾಕಡ ಎಂದು ತಿಳಿಯಬಹುದು. ಅದೇ ರೀತಿ, ಖಾಸಗಿ ಸಸ್ಯಾಗಾರಗಳಲ್ಲಿ ಸ್ಟಾರ್ ಜಾಸ್ಮಿನ್ ಎಂಬ ಹೆಸರಿನಲ್ಲಿ ಮಾರುವ ಹಾಲುಬಳ್ಳಿಯು ಸುವಾಸನೆಯುಳ್ಳದ್ದಾದರೂ ಮಲ್ಲಿಗೆಯ ಕುಲಕ್ಕೆ ಸೇರಿದ್ದಲ್ಲ. ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ.

ಹನಿಸಕಲ್

ಚೀನಾ, ಕೊರಿಯಾ, ಜಪಾನ್ ಮೂಲದ ಈ ಬಳ್ಳಿ, ಲೋನಿಸೆರಾ ಜಪೋನಿಕಾ, ನಮ್ಮಲ್ಲಿ ಬೆಂಗಳೂರು, ಕೊಡಗು, ಚಿಕ್ಕಮಗಳೂರಿನಂತಹ ತಂಪು ಹವೆಯ ಪ್ರದೇಶಗಳಿಗೆ ಹೊಂದಿಕೊಳ್ಳುತ್ತದೆ. ಹೂಗಳು ಜೋಡಿ ಜೋಡಿಯಾಗಿ ಮೂಡುತ್ತವೆ. ಅರಳಿದಾಗ ಬಿಳಿಯಾಗಿದ್ದು, ಒಂದೆರಡು ದಿನಗಳಲ್ಲಿ ಹಳದಿಗೆ ತಿರುಗುತ್ತವೆ; ಆದುದರಿಂದ ಒಂದೇ ಬಳ್ಳಿಯಲ್ಲಿ ಎರಡು ಬಣ್ಣದ ಹೂ ಕಾಣುವುದು ರೋಗದ ಲಕ್ಷಣವಲ್ಲ. ಪರಿಮಳ ಸಂಜೆಯಿಂದ ರಾತ್ರಿಯವರೆಗೆ ಗಾಢ. ಚೀನಾದಲ್ಲಿ ಇದರ ಒಣಗಿಸಿದ ಮೊಗ್ಗು ಸಾಂಪ್ರದಾಯಿಕ ಔಷಧ ದ್ರವ್ಯವಾಗಿ ಬಳಕೆಯಲ್ಲಿದೆ. ಆದರೆ ಮನೆಯಲ್ಲಿ ಬೆಳೆದ ಬಳ್ಳಿಯ ಕಾಯಿಗಳನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳತಕ್ಕದ್ದು. ಅವು ತಿನ್ನಲು ಯೋಗ್ಯವಲ್ಲ.

ಬೇರು ತಂಪಿನಲ್ಲಿ, ತಲೆ ಬಿಸಿಲಿನಲ್ಲಿ ಇರುವಂತೆ ನೆಟ್ಟರೆ ಇದು ಚೆನ್ನಾಗಿ ಬರುತ್ತದೆ. ಬುಡದ ಸುತ್ತ ಒಣ ಎಲೆಯ ಹೊದಿಕೆ ಹಾಕುವುದು, ಮಧ್ಯಾಹ್ನದ ನಂತರ ನೆರಳು ಬರುವ ಜಾಗ ಆರಿಸುವುದು ಇದಕ್ಕಾಗಿಯೇ. ಕಲಬುರಗಿ, ರಾಯಚೂರು ಭಾಗದ ಬೇಸಿಗೆಯಲ್ಲಿ ಎಲೆ ಸುಟ್ಟಂತಾಗಿ ಬಳ್ಳಿ ಸೊರಗುವ ಸಂಭವ ಹೆಚ್ಚು; ಅಲ್ಲಿಯವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ. ಮಲೆನಾಡಿನವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಲಂಕಾರಕ್ಕಾಗಿ ತಂದ ಇದೇ ಬಳ್ಳಿ ತೋಟದಿಂದ ಹೊರಬಿದ್ದು ಕಾಡಿನ ಅಂಚುಗಳನ್ನು ಆವರಿಸಿ ಅಲ್ಲಿಯ ಸಸ್ಯಗಳನ್ನು ಹಿಂದಿಕ್ಕಿದೆ. ನೆಲಕ್ಕೆ ತಾಗಿದ ಪ್ರತಿಯೊಂದು ಗೆಣ್ಣಿನಲ್ಲಿಯೂ ಇದು ಬೇರು ಬಿಡಬಲ್ಲದು. ಆದುದರಿಂದ ಸವರಿದ ತುಂಡುಗಳನ್ನು ಬೇಲಿಯಾಚೆ, ಹಳ್ಳದ ದಂಡೆಯಲ್ಲಿ ಅಥವಾ ಕಾಡಂಚಿನಲ್ಲಿ ಎಸೆಯಕೂಡದು. ಒಣಗಿಸಿಯೇ ಗೊಬ್ಬರದ ಗುಂಡಿಗೆ ಹಾಕುವುದು. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳಿಗೆ ತಮ್ಮದೇ ಆದ ಹನಿಸಕಲ್, ಲೋನಿಸೆರಾ ಲೆಷೆನೊಲ್ಟಿ, ಇದೆ ಎಂಬುದು ಬಹು ಮಂದಿಗೆ ತಿಳಿಯದು. ಅದನ್ನು ಕಾಡಿನಿಂದ ಕಿತ್ತು ತರುವುದು ಸಲ್ಲದು.

ಇತರ ಬಳ್ಳಿಗಳು

ಮಧುಮಾಲತಿ ಎಂದೂ ರಂಗೂನ್ ಬಳ್ಳಿ ಎಂದೂ ಕರೆಯಲ್ಪಡುವ ಕಾಂಬ್ರೆಟಮ್ ಇಂಡಿಕಮ್ ಅನ್ನು ಬೆಳೆಸಲು ಶ್ರಮವೇ ಬೇಕಿಲ್ಲ. ಮುಸ್ಸಂಜೆಯಲ್ಲಿ ಬಿಳಿಯಾಗಿ ಅರಳುವ ಹೂವು ಮರುದಿನ ಗುಲಾಬಿ, ಆನಂತರ ಕೆಂಪಾಗುತ್ತದೆ. ಬಿಳಿ ಹೂವಿನ ರಾತ್ರಿಯ ಪರಿಮಳಕ್ಕೆ ಗಿಡುಗ ಪತಂಗಗಳೆಂಬ ದೊಡ್ಡ ಪತಂಗಗಳು ಬರುತ್ತವೆ. ಇದರ ದೋಷವೆಂದರೆ ಬೇರಿನಿಂದ ಎಲ್ಲೆಂದರಲ್ಲಿ ಮರಿ ಏಳುವುದು. 30 ಅಡಿಗಿಂತ ಕಿರಿದಾದ ನಿವೇಶನದಲ್ಲಿ ನೆಡುವ ಮೊದಲು ಎರಡು ಬಾರಿ ಯೋಚಿಸುವುದು ಲೇಸು.

ಇದನ್ನೇ ಕೆಲವರು ಮಾಧವಿ ಲತೆ ಎಂದು ಕೊಂಡೊಯ್ಯುತ್ತಾರೆ. ನಿಜವಾದ ಮಾಧವಿ ಲತೆ ಹಿಪ್ಟೇಜ್ ಬೆಂಗಾಲೆನ್ಸಿಸ್. ನಮ್ಮ ಕಾಡುಗಳದ್ದೇ ಸಸ್ಯ. ಬಿಳಿ ಹೂವಿನ ಐದು ಎಸಳುಗಳ ಪೈಕಿ ಒಂದರಲ್ಲಿ ಮಾತ್ರ ಹಳದಿ ಇರುತ್ತದೆ, ಕಾಯಿಗೆ ಮೂರು ರೆಕ್ಕೆಗಳಿರುತ್ತವೆ. ಚಳಿಗಾಲದ ಕೊನೆಯಲ್ಲಿ ಅರಳುತ್ತದೆ. ಕಾಳಿದಾಸನ ಕಾವ್ಯವನ್ನು ಓದಿ ಮಾಧವೀ ಮಂಟಪ ಕಟ್ಟಿಸಬೇಕೆಂದು ಬರುವವರಿಗೆ ತಿಳಿಸಬೇಕಾದ ವಿಷಯವೇನೆಂದರೆ, ಇದು ಕೆಲವು ವರ್ಷಗಳಲ್ಲಿ ತೊಡೆ ಗಾತ್ರದ ಕಾಂಡವುಳ್ಳ ಮರಬಳ್ಳಿಯಾಗುತ್ತದೆ. ಕಬ್ಬಿಣದ ತೆಳು ಕೊಳವೆಯಾಗಲಿ ಬಿದಿರಾಗಲಿ ಇದನ್ನು ಹೊರಲಾರದು. ಕಲ್ಲುಕಂಬ ನಿಲ್ಲಿಸಲು ಜಾಗ ಮತ್ತು ಹಣ ಇದ್ದವರಿಗೆ ಮಾತ್ರ ಯೋಗ್ಯ.

ಮನೋರಂಜಿನಿಯು ಸೀತಾಫಲದ ಕುಟುಂಬದ್ದು. ಹೂವು ಹಸಿರಾಗಿದ್ದಾಗ ವಾಸನೆ ಇಲ್ಲ. ಹಳದಿಗೆ ತಿರುಗಿದಾಗ ಮಾಗಿದ ಹಣ್ಣಿನ ಪರಿಮಳ ಅಂಗಳವನ್ನೆಲ್ಲ ತುಂಬುತ್ತದೆ, ಹೂವು ಮಾತ್ರ ಎಲೆಗಳ ನಡುವೆ ಕಾಣುವುದೇ ಇಲ್ಲ. ಹೂವಿನ ತೊಟ್ಟೇ ಕೊಕ್ಕೆಯಾಗಿ ಆಸರೆಯನ್ನು ಹಿಡಿಯುತ್ತದೆ. ಅರೆ ನೆರಳನ್ನು ಸಹಿಸುವುದರಿಂದ, ಮೇಲೆ ತಿಳಿಸಿದ ರಸ್ತೆ ಮರದ ನೆರಳಿನ ಮನೆಗಳಿಗೆ ಇದು ಉತ್ತರ. ಬೀಜದಿಂದ ಬೆಳೆಸಿದರೆ ಹೂವಿಗೆ ವರ್ಷಗಳೇ ಕಾಯಬೇಕಾದ ಕಾರಣ ಬೇರು ಬರಿಸಿದ ಸಸಿಯನ್ನೇ ಕೊಳ್ಳುವುದು.

ರಾತ್ರಿರಾಣಿಯು ಬಳ್ಳಿಯಲ್ಲ, ಕಟ್ಟಿದರೆ ಬಾಗುವ ಪೊದೆ. ಪರಿಮಳ ತೀಕ್ಷ್ಣ, ಕೆಲವರಿಗೆ ತಲೆನೋವು ಬರುತ್ತದೆ. ಮಲಗುವ ಕೋಣೆಯ ಕಿಟಕಿಗೆ ಹತ್ತಿರ ನೆಡಬಾರದು. ಇದರ ಕಾಯಿ ಮತ್ತು ಎಲೆ ವಿಷಯುಕ್ತ. ಬೆಳ್ಳುಳ್ಳಿ ಬಳ್ಳಿಯ ನೇರಳೆ ಹೂವಿಗೆ ಮಾರುಹೋಗಿ ಪರಿಮಳಕ್ಕಾಗಿ ಕೊಂಡವರು, ಅದಕ್ಕೆ ಆ ಹೆಸರು ಏಕೆ ಬಂತೆಂಬುದನ್ನು ಎಲೆ ಹಿಸುಕಿದಾಗ ತಿಳಿಯುತ್ತಾರೆ.

ಆಸರೆ ಮತ್ತು ಖರ್ಚಿನ ಲೆಕ್ಕ

ಸಸಿಯ ಬೆಲೆಯನ್ನು ಮಾತ್ರ ವಿಚಾರಿಸಿ ಹೋಗುವವರು ಬಹಳ. ವಾಸ್ತವದಲ್ಲಿ ಒಟ್ಟು ಖರ್ಚಿನಲ್ಲಿ ಸಸಿಯ ಪಾಲು ಅತ್ಯಲ್ಪ. ಚಪ್ಪರ ಅಥವಾ ಜಾಲರಿಯದೇ ದೊಡ್ಡ ಬಾಬ್ತು, ಪ್ರತಿ ವರ್ಷ ಸವರುವ ಕೂಲಿಯು ಮರುಕಳಿಸುವ ಖರ್ಚು. ಇವೆರಡಕ್ಕೂ ಏರ್ಪಾಡು ಇಲ್ಲದಿದ್ದಲ್ಲಿ ಕುಂಡದಲ್ಲಿ ಒಂದು ದುಂಡು ಮಲ್ಲಿಗೆ ಸಾಕು. ಆಸರೆಯನ್ನು ಸಸಿ ನೆಡುವ ಮೊದಲೇ ನಿಲ್ಲಿಸತಕ್ಕದ್ದು. ಬೆಳೆದ ಬಳ್ಳಿಯ ನಡುವೆ ಕಂಬ ಹೂಳಲು ಹೋದರೆ ಬೇರು ಕಡಿಯುತ್ತದೆ. ಗೋಡೆಗೆ ಜಾಲರಿ ಹಾಕುವುದಾದರೆ ಗೋಡೆಯಿಂದ 10 ರಿಂದ 15 ಸೆಂ.ಮೀ. ಅಂತರವಿರಲಿ. ಗಾಳಿಯಾಡದಿದ್ದರೆ ಗೋಡೆಯ ಕಾವಿಗೆ ಕೆಂಪು ನುಸಿ ಬರುತ್ತದೆ, ಮಳೆಗಾಲದಲ್ಲಿ ಗೋಡೆಗೆ ತೇವ ಹಿಡಿಯುತ್ತದೆ.

ಮಲ್ಲಿಗೆ ಜಾತಿಗೆ ಹಿಡಿಯುವ ಕುಡಿಗಳಿಲ್ಲ, ಕಟ್ಟಿಯೇ ಏರಿಸಬೇಕು. ಬಾಳೆನಾರು ಅಥವಾ ಹತ್ತಿಯ ದಾರದಿಂದ ಸಡಿಲವಾಗಿ ಎಂಟರ ಆಕಾರದಲ್ಲಿ ಕಟ್ಟುವುದು. ನೈಲಾನ್ ದಾರ ಕಾಂಡವನ್ನು ಕೊಯ್ಯುತ್ತದೆ. ಯಾವ ಬಳ್ಳಿಯನ್ನೂ ವಿದ್ಯುತ್ ಕಂಬಕ್ಕಾಗಲಿ ಮನೆಗೆ ಬರುವ ವಿದ್ಯುತ್ ತಂತಿಗಾಗಲಿ ಹಬ್ಬಿಸಕೂಡದು. ಈಗಾಗಲೇ ಹಬ್ಬಿದ್ದಲ್ಲಿ ಸ್ವತಃ ಎಳೆಯದೆ ವಿದ್ಯುತ್ ಸರಬರಾಜು ಕಂಪನಿಯ 1912 ಸಹಾಯವಾಣಿಗೆ ತಿಳಿಸುವುದು. ಒದ್ದೆ ಬಳ್ಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಈ ವಿಷಯದಲ್ಲಿ ಧೈರ್ಯ ತೋರುವುದು ಬೇಡ.

ನಾಟಿ

ಜೂನ್-ಜುಲೈ ತಿಂಗಳು ಸೂಕ್ತ. ಮಲ್ಲಿಗೆಗೆ 45 ಸೆಂ.ಮೀ. ಘನ ಅಳತೆಯ ಗುಂಡಿ, ದೊಡ್ಡ ಬಳ್ಳಿಗಳಿಗೆ 60 ಸೆಂ.ಮೀ. ಗುಂಡಿ ತೆಗೆದು ಕೆಲ ದಿನ ಬಿಸಿಲಿಗೆ ಬಿಟ್ಟು, ಸುಮಾರು 10 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು ಮತ್ತು ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ನೀರು ನಿಲ್ಲದಂತೆ ದಿಬ್ಬದ ಮೇಲೆ ನೆಡುವುದು ಅವಶ್ಯಕ. ಕಟ್ಟಡ ಕಟ್ಟಿ ಉಳಿದ ಗಾರೆ, ಸಿಮೆಂಟಿನ ಚೂರು ಬಿದ್ದ ಜಾಗದಲ್ಲಿ ನೆಟ್ಟಾಗ ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಅದು ಕಬ್ಬಿಣಾಂಶದ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದರೆ ಸುಧಾರಿಸುತ್ತದೆ. ಮುಂದಿನ ಬಾರಿ ಆ ಗಾರೆಯನ್ನು ತೆಗೆದು ಹಾಕುವುದೇ ಶಾಶ್ವತ ಪರಿಹಾರ.

ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲತಕ್ಕದ್ದು. ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನೀರೇ ಸಾಕು.

ಸವರುವಿಕೆ

ಈ ಪುಟದಲ್ಲಿ ಒಂದೇ ಭಾಗವನ್ನು ಓದಲು ವ್ಯವಧಾನವಿರುವವರು ಇದನ್ನು ಓದಬಹುದು. ಮಲ್ಲಿಗೆ ಜಾತಿಗಳು ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ. ಹಳೆಯ ಕಡ್ಡಿ ಉಳಿದಷ್ಟೂ ಹೊಸ ಚಿಗುರು ಕಡಿಮೆ, ಹೂವೂ ಕಡಿಮೆ. ಕೈಯಾರೆ ಬೆಳೆಸಿದ ಬಳ್ಳಿಗೆ ಕತ್ತರಿ ಹಾಕಲು ಮನಸ್ಸು ಬಾರದಿರುವುದು ಸಹಜ. ಮನೆಯ ಹಿರಿಯರು, ವಿಶೇಷವಾಗಿ ಬಳ್ಳಿಗೆ ನಿತ್ಯ ನೀರೆರೆಯುವವರು, ಇದಕ್ಕೆ ಒಪ್ಪುವುದಿಲ್ಲವೆಂದು ಅನೇಕರು ಹೇಳುತ್ತಾರೆ. ಅಂಥವರು ಮೊದಲ ವರ್ಷ ಬಳ್ಳಿಯ ಅರ್ಧ ಭಾಗವನ್ನು ಮಾತ್ರ ಸವರಿ, ಬೇಸಿಗೆಯಲ್ಲಿ ಎರಡು ಬದಿಯ ಮೊಗ್ಗುಗಳನ್ನು ಎಣಿಸಿ ನೋಡಬಹುದು. ಮರುವರ್ಷ ಒಪ್ಪಿಸುವ ಅಗತ್ಯ ಬೀಳುವುದಿಲ್ಲ.

ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರ, ಜಾಜಿಯನ್ನು ಡಿಸೆಂಬರ್ ಕೊನೆಯ ವಾರ, ಸೂಜಿ ಮಲ್ಲಿಗೆಯನ್ನು ಜನವರಿ ಕೊನೆಯ ವಾರ ಸವರುವುದು ರೂಢಿ. ಇದಕ್ಕೆ ಸುಮಾರು ಎರಡು ವಾರ ಮೊದಲು ನೀರು ಕಡಿಮೆ ಮಾಡಬೇಕು. ಪೊದೆಯಾಗಿ ಬೆಳೆಸಿದ್ದನ್ನು ನೆಲದಿಂದ 45 ರಿಂದ 50 ಸೆಂ.ಮೀ. ಎತ್ತರಕ್ಕೆ ಕತ್ತರಿಸುವುದು. ಚಪ್ಪರಕ್ಕೆ ಏರಿದ್ದರಲ್ಲಿ ಮುಖ್ಯ ಕಾಂಡಗಳನ್ನು ಉಳಿಸಿಕೊಂಡು ಪಕ್ಕದ ಕಡ್ಡಿಗಳನ್ನು ಎರಡು ಮೂರು ಗೆಣ್ಣಿಗೆ ಮೊಟಕುಗೊಳಿಸಿ, ಒಣಗಿದ ಮತ್ತು ರೋಗ ತಗುಲಿದ ಕಡ್ಡಿಗಳನ್ನು ಬುಡದಿಂದಲೇ ತೆಗೆಯುವುದು. ನಂತರ ಬುಡ ಸಡಿಲಿಸಿ ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಹೊಸ ಚಿಗುರು ಬರುತ್ತದೆ. ರಸಗೊಬ್ಬರ ಬಳಸುವವರು ಸಾರಜನಕಕ್ಕಿಂತ ರಂಜಕ ಮತ್ತು ಪೊಟ್ಯಾಷ್ ಎರಡರಷ್ಟಿರುವಂತೆ ಕೊಡಬೇಕು. ಬರಿಯ ಯೂರಿಯಾ ಕೊಟ್ಟರೆ ಎಲೆಯೇ ಬೆಳೆ.

ಹನಿಸಕಲ್, ಮಧುಮಾಲತಿ, ಮಾಧವಿ ಇವುಗಳನ್ನು ಹೂ ಮುಗಿದ ಕೂಡಲೇ ಸವರುವುದು. ಮನೋರಂಜಿನಿಗೆ ಹೆಚ್ಚು ಕತ್ತರಿ ಬೇಡ.

ಕೀಟ ಬಾಧೆ

ಮೊಗ್ಗಿನಲ್ಲಿ ತೂತು ಮತ್ತು ಬಲೆ ಕಂಡರೆ ಅದು ಮೊಗ್ಗು ಕೊರೆಯುವ ಹುಳು. ಮೊಗ್ಗು ಅರಳದೆ ನೇರಳೆಗೆ ತಿರುಗಿ ಉದುರಿದರೆ ಮೊಗ್ಗಿನ ನೊಣ. ಎರಡರಲ್ಲಿಯೂ ಬಾಧೆಗೊಳಗಾದ ಮೊಗ್ಗುಗಳನ್ನು, ನೆಲಕ್ಕೆ ಉದುರಿದವುಗಳನ್ನೂ ಸೇರಿಸಿ, ಆರಿಸಿ ಸುಡುವುದು ಮೊದಲ ಕ್ರಮ. ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಲೀಟರಿಗೆ 5 ಮಿ.ಲೀ. ಪ್ರಮಾಣದಲ್ಲಿ ಸಂಜೆಯ ವೇಳೆ ಸಿಂಪಡಿಸಬಹುದು. ಮನೆಯಂಗಳದ ಹೂವು ದೇವರ ಪೂಜೆಗೂ ಹೆಣ್ಣುಮಕ್ಕಳ ಮುಡಿಗೂ ಹೋಗುವುದರಿಂದ, ತೋಟದ ಬೆಳೆಗೆ ಬಳಸುವ ತೀವ್ರ ಕೀಟನಾಶಕಗಳನ್ನು ಇಲ್ಲಿ ಬಳಸಬಾರದೆಂಬುದು ನಮ್ಮ ಸ್ಪಷ್ಟ ಸಲಹೆ. ಒಂದು ಋತುವಿನ ಹೂ ಹೋದರೂ ಚಿಂತೆಯಿಲ್ಲ.

ಹಾವಿನ ಕುರಿತು

ಮಲ್ಲಿಗೆ, ರಾತ್ರಿರಾಣಿ, ಮನೋರಂಜಿನಿಗಳ ಪರಿಮಳಕ್ಕೆ ಹಾವು ಬರುತ್ತದೆಂಬ ನಂಬಿಕೆಯಿಂದ ಚೆನ್ನಾಗಿ ಬೆಳೆದ ಬಳ್ಳಿಗಳನ್ನು ಬುಡಸಹಿತ ಕೀಳುವುದು ಕಂಡುಬರುತ್ತಿದೆ. ಹಾವು ಹೂವಿನ ಪರಿಮಳಕ್ಕೆ ಬರುವುದಿಲ್ಲ. ಅದು ಇಲಿ, ಕಪ್ಪೆಗಳ ಜಾಡು ಹಿಡಿದು, ಅಡಗಲು ತಂಪಾದ ಮರೆ ಹುಡುಕಿ ಬರುತ್ತದೆ. ಸವರದೆ ಬಿಟ್ಟು ನೆಲದ ಮೇಲೆ ರಾಶಿಯಾದ ಬಳ್ಳಿ, ಅದರ ಕೆಳಗಿನ ಇಟ್ಟಿಗೆ ಚೂರು, ತೆಂಗಿನ ಗರಿ ಇವು ಆ ಮರೆಯನ್ನು ಒದಗಿಸುತ್ತವೆ. ಪರಿಮಳವಿಲ್ಲದ ಬಳ್ಳಿಯಾದರೂ ಅಷ್ಟೇ. ಬುಡದಿಂದ ಎರಡು ಅಡಿಯವರೆಗೆ ಕಾಂಡ ಬರಿದಾಗಿರುವಂತೆ, ನೆಲ ಕಾಣುವಂತೆ ಇಟ್ಟುಕೊಂಡರೆ ಭಯಕ್ಕೆ ಕಾರಣವಿಲ್ಲ. ಮುಂಜಾನೆ ಕತ್ತಲಲ್ಲಿ ಹೂ ಕೊಯ್ಯುವವರು ದೀಪ ಬಳಸಬೇಕು. ಹಾವು ಕಂಡಲ್ಲಿ ಅರಣ್ಯ ಇಲಾಖೆಗೆ ತಿಳಿಸುವುದು. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972 ಹಾವುಗಳಿಗೂ ರಕ್ಷಣೆ ನೀಡಿರುತ್ತದೆ.

ಸಸಿ ಮತ್ತು ಸಲಹೆ ಪಡೆಯುವ ಬಗ್ಗೆ

ಸಸಿಗಳ ಲಭ್ಯತೆ ಮತ್ತು ದರ ಕಾಲಕಾಲಕ್ಕೆ ಬದಲಾಗುವುದರಿಂದ ಇಲ್ಲಿ ನಮೂದಿಸಿಲ್ಲ. ಹತ್ತಿರದ ಸಸ್ಯಕ್ಷೇತ್ರದಲ್ಲಿ ವಿಚಾರಿಸುವುದು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳ ಪೈಕಿ ಆಗಸ್ಟ್ ತಿಂಗಳದ್ದು ನಾಟಿಯ ಕಾಲಕ್ಕೆ ಹತ್ತಿರವಾಗಿರುತ್ತದೆ. ಸಸಿ ಕೊಳ್ಳುವಾಗ ಹೂವಿರುವ ಗಿಡವನ್ನೇ ಕೇಳಿ, ಸಂಜೆಯ ವೇಳೆ ಹೋಗಿ, ಮೂಸಿ ನೋಡಿಯೇ ಕೊಳ್ಳುವುದು. ಹೆಸರಿನ ಚೀಟಿಗಿಂತ ಮೂಗು ಹೆಚ್ಚು ನಂಬಿಕೆಗೆ ಅರ್ಹ.

ಸಲಹೆಗಾಗಿ ತಾಲ್ಲೂಕು ಮಟ್ಟದ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ಅರ್ಜಿಯಲ್ಲಿ ಬಳ್ಳಿಯ ವಯಸ್ಸು, ದಿನಕ್ಕೆ ಬೀಳುವ ಬಿಸಿಲಿನ ಗಂಟೆಗಳು, ಕೊನೆಯ ಬಾರಿ ಸವರಿದ ತಿಂಗಳು ಮತ್ತು ಕೊಟ್ಟ ಗೊಬ್ಬರದ ವಿವರ ಬರೆದರೆ ಉತ್ತರ ನೀಡಲು ಸುಲಭವಾಗುತ್ತದೆ. ಗುರುತಿಗಾಗಿ ಮಾದರಿ ತರುವವರು ಎಲೆ, ಮೊಗ್ಗು ಮತ್ತು ಹೂವಿರುವ ಒಂದು ಗೇಣುದ್ದದ ಕಡ್ಡಿಯನ್ನು ಒದ್ದೆ ವೃತ್ತಪತ್ರಿಕೆಯಲ್ಲಿ ಸುತ್ತಿ ತರುವುದು. ಕೀಟ ತಗುಲಿದ ಮಾದರಿಯಾದಲ್ಲಿ ಬಾಯಿ ಕಟ್ಟಿದ ಚೀಲದಲ್ಲಿಯೇ ತರತಕ್ಕದ್ದು.